ಅರ್ಥಶಾಸ್ತ್ರಕ್ಕೊಂದು ಕನ್ನಡ ಪ್ರಶ್ನೆ ಬ್ಯಾಂಕ್: ಮೊದಲ ಸೆಮಿಸ್ಟರ್‌ನ ಕೆಲಸ ಎಲ್ಲಿಗೆ ಬಂತು

ಆಗಸ್ಟ್

ಬಿ.ಎ. ಮೊದಲ ವರ್ಷದ ಅರ್ಥಶಾಸ್ತ್ರಕ್ಕೆ ಕನ್ನಡದಲ್ಲೇ ಒಂದು ಪ್ರಶ್ನೆ ಬ್ಯಾಂಕ್ ಮಾಡಬೇಕು ಅನ್ನೋದು ಯೋಜನೆ. ವಾರಕ್ಕೊಂದು ಚಿಕ್ಕ ಕ್ವಿಜ್. ಪಾಠದ ನಡುವೆ ಒಂದೆರಡು ಪ್ರಶ್ನೆ. ಯಾರಿಗೆ ಎಲ್ಲಿ ಎಡವುತ್ತಿದೆ ಅಂತ ಮುಂದಿನ ಅಧ್ಯಾಯಕ್ಕೆ ಹೋಗುವ ಮೊದಲೇ ಗೊತ್ತಾಗಬೇಕು.

ನಮ್ಮದು ಕೋಲಾರ ಜಿಲ್ಲೆಯ ತಾಲ್ಲೂಕು ಕೇಂದ್ರದ ಕಾಲೇಜು. ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಸ್ವಯಂ, ಎನ್‌ಪಿಟಿಇಎಲ್ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ತಾಣಗಳಲ್ಲಿ ಒಳ್ಳೆಯ ಕೋರ್ಸುಗಳಿವೆ, ಆದರೆ ಬಹುಪಾಲು ಇಂಗ್ಲಿಷ್. ಕನ್ನಡದಲ್ಲಿ ಸಿಗುವುದು ಪಿಡಿಎಫ್ ನೋಟ್ಸು, ಇಲ್ಲವೇ ಒಂದು ಗಂಟೆಯ ವಿಡಿಯೋ. ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕಿ, ಸ್ಮಾರ್ಟ್ ಬೋರ್ಡ್ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡರೆ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಫೈಲಿಗೆ ಸಾಕು. ಕಲಿಕೆಗೆ ಸಾಕಾಗಲ್ಲ.

ಪ್ರಶ್ನೆಯೇ ಯಾಕೆ? 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಮಾಡಿದ ಪ್ರಯೋಗ ನನ್ನ ತಲೆಯಲ್ಲಿ ಕೂತಿದೆ. ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದು. ಪರೀಕ್ಷೆ ಹಿಂದಿನ ರಾತ್ರಿ ಗೈಡ್ ಓದಿ ಪಾಸಾಗುವವರಿಗೆ ಮುಂದಿನ ಸೆಮಿಸ್ಟರ್‌ನಲ್ಲಿ ಬೆಲೆ ಏರಿದರೆ ಕೊಳ್ಳುವುದು ಕಡಿಮೆಯಾಗುತ್ತದೆ ಎಂಬ ಬೇಡಿಕೆ ನಿಯಮವೂ ನೆನಪಿರುವುದಿಲ್ಲ ಏಕೆ ಅಂತ ಇದರಿಂದ ಸ್ವಲ್ಪ ತಿಳಿಯುತ್ತದೆ.

ಆಗಸ್ಟ್ ಕೊನೆ: ಯಂತ್ರದ ಕೆಲಸ

ಲ್ಯಾಬ್‌ನಲ್ಲಿ ಮೂಲೆ ಸೇರಿದ್ದ ಹಳೇ ಡೆಸ್ಕ್‌ಟಾಪ್ ಒಂದನ್ನು ಕೇಳಿ ತೆಗೆದುಕೊಂಡೆ. ಅದಕ್ಕೆ ಉಬುಂಟು 24.04 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಮೂಡಲ್ 4.5. ಮೂಡಲ್ ಅಂದರೆ ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಾಮಸ್ ಶುರು ಮಾಡಿದ, 2002ರಲ್ಲಿ ಮೊದಲ ಆವೃತ್ತಿ ಬಂದ ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ. ಕೋರ್ಸು, ಕ್ವಿಜ್, ಅಂಕ, ವರದಿ ಎಲ್ಲ ಒಂದೇ ಕಡೆ. ಕನ್ನಡ ಭಾಷಾ ಪ್ಯಾಕ್ ಕೂಡ ಇದೆ. ಅನುವಾದ ಪೂರ್ತಿಯಾಗಿಲ್ಲ, ಹಾಗಾಗಿ ಒಂದೇ ಪರದೆಯಲ್ಲಿ ಎರಡು ಭಾಷೆ ಕಾಣುತ್ತದೆ. ಮಕ್ಕಳಿಗೆ ಅದೇನೂ ತೊಂದರೆ ಅನಿಸಲಿಲ್ಲ.

ಇದೇ ಕೆಲಸ ಮಾಡಲು ಹೊರಟವರಿಗೆ ಮೂರು ಮಾತು. ಮೂಡಲ್ ಓಡಲು ಬೇಕಾದ ಪಿಎಚ್‌ಪಿ ಎಂಬ ಭಾಷೆಯ ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ವೇರಿಯಬಲ್‌ಗಳ ಮಿತಿ ಸಾಮಾನ್ಯವಾಗಿ 1000 ಇರುತ್ತದೆ. ಮೂಡಲ್ ಕನಿಷ್ಠ 5000 ಕೇಳುತ್ತದೆ, ಅಲ್ಲಿಯವರೆಗೆ ಇನ್‌ಸ್ಟಾಲ್ ಮುಂದೆ ಹೋಗಲ್ಲ. ಎರಡನೆಯದು, ಮೂಡಲ್ ತನ್ನ ವಿಳಾಸವನ್ನು ಕಾನ್ಫಿಗ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ರೌಟರ್ ಆ ಕಂಪ್ಯೂಟರಿಗೆ ಬೇರೆ ಐಪಿ (ನೆಟ್‌ವರ್ಕ್ ವಿಳಾಸ) ಕೊಟ್ಟರೆ ಸೈಟ್ ತೆರೆಯುವುದೇ ಇಲ್ಲ. ರೌಟರ್‌ನಲ್ಲಿ ಆ ಯಂತ್ರಕ್ಕೆ ಒಂದೇ ಐಪಿ ಕಾಯ್ದಿರಿಸಿಬಿಡಿ.

ಮೂರನೆಯದು ಮಕ್ಕಳ ಫೋನಿನದ್ದು. ನಮ್ಮ ವೈಫೈಗೆ ಇಂಟರ್ನೆಟ್ ಇಲ್ಲ, ಬರೀ ಈ ಕಂಪ್ಯೂಟರಿಗೆ ದಾರಿ ಅಷ್ಟೇ. ಆಂಡ್ರಾಯ್ಡ್ ಫೋನು ‘ಇದರಲ್ಲಿ ಇಂಟರ್ನೆಟ್ ಇಲ್ಲ’ ಅಂತ ತಾನೇ ತೀರ್ಮಾನಿಸಿ ಮೊಬೈಲ್ ಡೇಟಾಗೆ ಜಿಗಿಯುತ್ತದೆ. ಆಗ ಪುಟ ಸಿಗುವುದಿಲ್ಲ. ‘ಡೇಟಾ ಆಫ್ ಮಾಡಿ’ ಎಂದು ಬೋರ್ಡಿನ ಮೇಲೆ ಖಾಯಂ ಆಗಿ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್: ನುಡಿಯಿಂದ ಯೂನಿಕೋಡ್‌ಗೆ

ಹಳೇ ಪ್ರಶ್ನೆಪತ್ರಿಕೆಗಳು ನನ್ನ ಹತ್ತಿರ ರಾಶಿ ಇವೆ. ಎಲ್ಲ ಹಳೇ ನುಡಿ ಫಾಂಟ್‌ನಲ್ಲಿ. ಅವುಗಳ ಒಳಗಿರುವುದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಕನ್ನಡ ಅಕ್ಷರಗಳ ಸಂಕೇತವಲ್ಲ. ರೋಮನ್ ಅಕ್ಷರ ಮತ್ತು ಯುರೋಪಿನ ಕೊಂಬು-ಚುಕ್ಕೆ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಲಾಗಿದೆ. ಮೂಡಲ್‌ಗೆ ಅಂಟಿಸಿದ ಕೂಡಲೇ ಮುಖವಾಡ ಕಳಚಿ ಬೀಳುತ್ತದೆ.

ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಒಳ್ಳೆಯ ಕೆಲಸವನ್ನೂ ಮಾಡುತ್ತವೆ. ಆದರೆ ಬರೀ ಪಠ್ಯ ಕೊಟ್ಟಾಗ ಯಾವ ಪದ ಯಾವ ಫಾಂಟ್‌ನಲ್ಲಿತ್ತು ಅನ್ನುವ ಗುರುತು ಹೋಗಿರುತ್ತದೆ. ಹಾಗಾಗಿ ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ನುಡಿ ಎಂದೇ ತಿಳಿದು ಕನ್ನಡ ಮಾಡಿಬಿಡುತ್ತವೆ. ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಪ್ರತಿ ಪ್ರಶ್ನೆಯ ಕೆಳಗೂ ಇಂಗ್ಲಿಷ್ ಇರುತ್ತದೆ, ಅಲ್ವಾ? ಅಷ್ಟೂ ಯಾರೂ ಓದಲಾಗದ ಕನ್ನಡವಾಗಿ ಬಂತು. ಇಂಗ್ಲಿಷ್ ಸಾಲುಗಳನ್ನು ಮೊದಲೇ ಕತ್ತರಿಸಿ ಬೇರೆ ಫೈಲಿಗೆ ಹಾಕಿ, ಕನ್ನಡ ಪರಿವರ್ತಿಸಿ, ಮತ್ತೆ ಜೋಡಿಸಬೇಕು. ಬೇಸರದ ಕೆಲಸ. ರೇಡಿಯೋ ಹಾಕಿಕೊಂಡು ಮುಗಿಸಿದೆ.

ಪ್ರಶ್ನೆಗಳನ್ನು ಒಂದೊಂದಾಗಿ ಫಾರ್ಮ್‌ನಲ್ಲಿ ತುಂಬುವ ಬದಲು ಗಿಫ್ಟ್ ಎಂಬ ಮಾದರಿಯಲ್ಲಿ ನೋಟ್‌ಪ್ಯಾಡ್‌ನಲ್ಲೇ ಬರೆಯುತ್ತಿದ್ದೇನೆ. ಸರಿ ಉತ್ತರದ ಮುಂದೆ =, ತಪ್ಪು ಉತ್ತರದ ಮುಂದೆ ~, ಆ ಉತ್ತರ ಆರಿಸಿದವರಿಗೆ ಹೇಳಬೇಕಾದ ಮಾತಿನ ಮುಂದೆ #. ಹೀಗೆ (ಬೇಡಿಕೆ ರೇಖೆ ಅಂದರೆ ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಗೆರೆ):

::ಟೊಮೆಟೊ ಬೆಲೆ:: ಟೊಮೆಟೊ ಬೆಲೆ ಕೆಜಿಗೆ 20 ರೂಪಾಯಿಯಿಂದ 80ಕ್ಕೆ ಏರಿದೆ. ಗ್ರಾಹಕರ ಆದಾಯ, ಅಭಿರುಚಿ, ಬೇರೆ ವಸ್ತುಗಳ ಬೆಲೆ ಬದಲಾಗಿಲ್ಲ. ಟೊಮೆಟೊ ಬೇಡಿಕೆ ರೇಖೆಗೆ ಏನಾಗುತ್ತದೆ? {
~ಬಲಕ್ಕೆ ಸರಿಯುತ್ತದೆ #ಬೆಳೆಗಾರರ ಕಡೆಯಿಂದ ಯೋಚಿಸಿದಿರಾ? ಇದು ಕೊಳ್ಳುವವರ ರೇಖೆ.
~ಎಡಕ್ಕೆ ಸರಿಯುತ್ತದೆ #ಕಡಿಮೆ ಕೊಳ್ಳುತ್ತಾರೆ, ನಿಜ. ಅದನ್ನು ಇದೇ ರೇಖೆ ಆಗಲೇ ತೋರಿಸುತ್ತಿಲ್ಲವೇ?
=ರೇಖೆ ಅಲ್ಲೇ ಇರುತ್ತದೆ, ಬಿಂದು ಅದರ ಮೇಲೆಯೇ ಮೇಲಕ್ಕೆ ಹೋಗುತ್ತದೆ
~ರೇಖೆ ಚಪ್ಪಟೆಯಾಗುತ್ತದೆ
}

ಫೈಲನ್ನು ಯೂನಿಕೋಡ್‌ನ ಯುಟಿಎಫ್-8 ಮಾದರಿಯಲ್ಲೇ ಉಳಿಸಬೇಕು. ಪ್ರಶ್ನೆಯ ಒಳಗೇ ‘ಒಟ್ಟು ಆದಾಯ = ಬೆಲೆ × ಪ್ರಮಾಣ’ ಅಂತ ಬಂದರೆ ಆ ಸಮ ಚಿಹ್ನೆಗೆ ಮೊದಲು ಒಂದು \ ಹಾಕಬೇಕು. ಇಲ್ಲದಿದ್ದರೆ ಮೂಡಲ್ ಅದನ್ನೂ ಉತ್ತರ ಅಂದುಕೊಳ್ಳುವ ಅಪಾಯವಿದೆ.

ಒಂದು ಪದ ಟೈಪ್ ಮಾಡಿ ಉತ್ತರಿಸುವ ಪ್ರಶ್ನೆಗಳದ್ದು ಬೇರೆಯೇ ಪಾಡು. ಉತ್ತರ ‘ಮಾರ್ಷಲ್’, ಒಬ್ಬ ಅರ್ಥಶಾಸ್ತ್ರಜ್ಞರ ಹೆಸರು. ಒಬ್ಬರು ಮಾರ್ಶಲ್ ಅಂತ ಬರೆದರು, ಇನ್ನೊಬ್ಬರು ಆಲ್ಫ್ರೆಡ್ ಮಾರ್ಷಲ್. ಮತ್ತೊಬ್ಬಳದ್ದು ನೋಡಲು ಅಚ್ಚುಕಟ್ಟಾಗಿ ಮಾರ್ಷಲ್ ಎಂದೇ ಇದೆ, ಆದರೂ ಸೊನ್ನೆ. “ಸರಿಯಾಗೇ ಬರ್ದಿದೀನಲ್ಲ ಮೇಡಂ?” ಅಂತ ಫೋನ್ ತಂದು ತೋರಿಸಿದಳು. ಅವಳ ಕೀಬೋರ್ಡ್ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸಿತ್ತು. ಒತ್ತಕ್ಷರ ಕೂಡಿಕೊಳ್ಳದ ಹಾಗೆ ತಡೆಯುವ ಸಂಕೇತ ಅದು. ‘ಫೇಸ್‌ಬುಕ್’ ಸರಿಯಾಗಿ ಕಾಣುವುದೇ ಅದರಿಂದ. ಪದದ ಕೊನೆಯಲ್ಲಿ ಬಂದಾಗ ಹೀಗೆ ಕೈಕೊಡುತ್ತದೆ. ಪರಿಹಾರ ಸುಲಭ: ಉತ್ತರದ ಹಿಂದೆ ಮುಂದೆ * ಹಾಕಿದರೆ ಮೂಡಲ್ ಅಲ್ಲಿ ಏನಿದ್ದರೂ ಒಪ್ಪುತ್ತದೆ. *ಮಾರ್ಷಲ್*, *ಮಾರ್ಶಲ್*, ಮುಗಿಯಿತು. ಆದರೂ ಈಗ ಇಂಥ ಪ್ರಶ್ನೆ ಕಡಿಮೆ ಮಾಡಿದ್ದೇನೆ. ನಾನು ಪರೀಕ್ಷಿಸಬೇಕಿರುವುದು ಅರ್ಥಶಾಸ್ತ್ರವನ್ನು, ಟೈಪಿಂಗನ್ನಲ್ಲ.

ಅಕ್ಟೋಬರ್: ಫೋನ್ ಇಲ್ಲದವರು

ಎಲ್ಲರ ಹತ್ತಿರ ಫೋನ್ ಇರುವುದಿಲ್ಲ. ಕೆಲವು ಹುಡುಗಿಯರ ಮನೆಯಲ್ಲಿ ಫೋನು ಅಣ್ಣನದ್ದು, ಕಾಲೇಜಿಗೆ ಬರುವುದಿಲ್ಲ. ವಾರದ ಕ್ವಿಜ್ ಅವರು ಲ್ಯಾಬ್‌ನಲ್ಲಿ ಮಾಡುತ್ತಾರೆ. ಪಾಠದ ನಡುವಿನ ಪ್ರಶ್ನೆಗೆ ಏನು ಮಾಡುವುದು?

ಪ್ಲಿಕರ್ಸ್ ಎಂಬ ಆ್ಯಪ್ ಇಲ್ಲಿ ಕೈ ಹಿಡಿಯಿತು. ಪ್ರತಿಯೊಬ್ಬರಿಗೂ ಕಪ್ಪು-ಬಿಳಿ ಚೌಕಗಳ ಒಂದು ಕಾಗದದ ಕಾರ್ಡ್. ನಾಲ್ಕು ಬದಿಗೆ ಎ, ಬಿ, ಸಿ, ಡಿ. ನಿಮ್ಮ ಉತ್ತರ ಮೇಲೆ ಬರುವ ಹಾಗೆ ಹಿಡಿದರೆ ಆಯಿತು. ನಾನು ನನ್ನ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಹಾಯಿಸುತ್ತೇನೆ, ಯಾರು ಏನು ಹಿಡಿದಿದ್ದಾರೆ ಅಂತ ದಾಖಲಾಗುತ್ತದೆ. ಪ್ರತಿ ಕಾರ್ಡಿನ ಚಿತ್ರ ಬೇರೆ, ಅಕ್ಷರ ಪುಟ್ಟದು. ಹಾಗಾಗಿ ಪಕ್ಕದವರದ್ದು ನೋಡಿ ಹಿಡಿಯುವುದು ಕಷ್ಟ. ಇಂಟರ್ನೆಟ್ ನನ್ನೊಬ್ಬಳ ಫೋನಿಗಿದ್ದರೆ ಸಾಕು. ಕಾರ್ಡುಗಳಿಗೆ ಹೊಳೆಯುವ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟ್ ಬೆಳಕು ಬಿದ್ದು ಕ್ಯಾಮೆರಾಗೆ ಕಾಣುವುದಿಲ್ಲ. ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿದೆ. ಬೆರಳು ಚೌಕದ ಮೇಲೆ ಬರಬಾರದು ಅಂತ ಮೊದಲೆರಡು ತರಗತಿ ಹೇಳಬೇಕಾಗುತ್ತದೆ.

ಮೇಲಿನ ಟೊಮೆಟೊ ಪ್ರಶ್ನೆ ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಜನ ಬಿ, ಅಂದರೆ ಎಡಕ್ಕೆ. ಇದು ನಿರೀಕ್ಷಿತ. ಎಲ್ಲ ಊರಿನ ಅರ್ಥಶಾಸ್ತ್ರದ ತರಗತಿಯಲ್ಲೂ ಈ ಗೊಂದಲ ಇದ್ದೇ ಇರುತ್ತದೆ. ಆದರೆ ಹಿಂದಿನ ಬೆಂಚುಗಳಿಂದ ಎ ಕೂಡ ಗಣನೀಯವಾಗಿ ಬಂತು. ಯಾಕೆ ಅಂತ ಕೇಳಿದೆ. “ರೇಟ್ ಬಂದ್ರೆ ಎಲ್ರೂ ಟೊಮೆಟೊನೇ ಹಾಕ್ತಾರಲ್ಲ ಮೇಡಂ” ಅಂದ ಒಬ್ಬ. ಅವರ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. 2023ರ ಜುಲೈನಲ್ಲಿ ಬೆಲೆ ನೂರು ರೂಪಾಯಿ ದಾಟಿದ್ದನ್ನು ಇವರು ಮಾರುವವರ ಕಡೆಯಿಂದ ನೋಡಿದವರು. ಪಠ್ಯಪುಸ್ತಕ ಮಾತ್ರ ಎಲ್ಲರೂ ಚೀಲ ಹಿಡಿದ ಗ್ರಾಹಕರು ಅಂದುಕೊಂಡೇ ಶುರುವಾಗುತ್ತದೆ. ಬರೀ ಅಂಕ ನೋಡಿದ್ದರೆ ಎ ಹಾಕಿದವರೂ ತಪ್ಪು, ಬಿ ಹಾಕಿದವರೂ ತಪ್ಪು, ಅಷ್ಟಕ್ಕೇ ಮುಗಿಯುತ್ತಿತ್ತು. ಇವೆರಡು ಬೇರೆ ಬೇರೆ ತಪ್ಪು, ಬೇರೆ ಬೇರೆ ಪಾಠ ಕೇಳುತ್ತವೆ.

ಸರಿ ಉತ್ತರ ಹೇಳದೆ, ಬೇರೆ ಉತ್ತರ ಹಿಡಿದವರನ್ನು ಹುಡುಕಿ ಮಾತಾಡಿ ಅಂದೆ. ಇದು ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದ ಶುರುವಿನಿಂದ ಬೆಳೆಸಿದ ವಿಧಾನ. ಮೊದಲು ಒಬ್ಬೊಬ್ಬರೇ ಉತ್ತರಿಸಬೇಕು, ಆಮೇಲೆ ಪಕ್ಕದವರ ಜೊತೆ ವಾದ, ಮತ್ತೆ ಉತ್ತರ. ಎಲ್ಲರಿಗೂ ಗೊತ್ತಿರುವ ಪ್ರಶ್ನೆಗೂ ಯಾರಿಗೂ ಗೊತ್ತಿಲ್ಲದ ಪ್ರಶ್ನೆಗೂ ಇದು ನಡೆಯಲ್ಲ, ನಡುವಿನದ್ದಕ್ಕೆ ಮಾತ್ರ. ಗದ್ದಲವೋ ಗದ್ದಲ. ಪಕ್ಕದ ಕೊಠಡಿಯ ಸಹೋದ್ಯೋಗಿ ಒಮ್ಮೆ ಬಂದು ಇಣುಕಿ ಹೋದರು. ಎರಡನೇ ಸಲ ಕ್ಯಾಮೆರಾ ಹಾಯಿಸಿದಾಗ ಸಿ ಮುಂದಿತ್ತು. ಎ ಹಾಕಿದವರು ಬೇಗ ಬದಲಾಯಿಸಿದರು, ಬಿ ಹಾಕಿದವರು ಹಟ ಬಿಡಲಿಲ್ಲ.

ಅವರಿಗಾಗಿ ಮರುದಿನ ಇನ್ನೊಂದು ಪ್ರಶ್ನೆ: ಟೊಮೆಟೊ ದುಬಾರಿಯಾಗಿ ಸಾರಿಗೆ ಹುಣಸೆಹಣ್ಣು ಹಾಕುವವರು ಜಾಸ್ತಿಯಾದರು. ಹುಣಸೆಹಣ್ಣಿನ ಬೇಡಿಕೆ ರೇಖೆಗೆ ಏನಾಗುತ್ತದೆ? ಹುಣಸೆಹಣ್ಣಿನ ಬೆಲೆ ಬದಲಾಗಿಲ್ಲ, ಆದರೂ ಜನ ಹೆಚ್ಚು ಕೊಳ್ಳುತ್ತಿದ್ದಾರೆ. ಈಗ ಇಡೀ ರೇಖೆಯೇ ಬಲಕ್ಕೆ ಸರಿಯಬೇಕು. ಎರಡನ್ನೂ ಅಕ್ಕಪಕ್ಕ ಬರೆದ ಮೇಲೆ ‘ಸ್ವಂತ ಬೆಲೆ ಬದಲಾದರೆ ರೇಖೆಯ ಮೇಲೆ, ಬೇರೆ ಕಾರಣ ಬದಲಾದರೆ ರೇಖೆಯೇ’ ಅಂತ ಹಟಮಾರಿಗಳಲ್ಲೊಬ್ಬಳೇ ಹೇಳಿದಳು. ನನ್ನ ನೋಟ್ಸ್‌ನಲ್ಲಿ ಇದೇ ವಾಕ್ಯ ವರ್ಷಗಳಿಂದ ಇದೆ.

ನವೆಂಬರ್

ಬೆಳೆಗಾರರ ಮಕ್ಕಳ ಉತ್ತರ ವ್ಯರ್ಥವಾಗಬಾರದು ಅಂತ ಸಿಲಬಸ್‌ನಲ್ಲಿಲ್ಲದ ಒಂದು ವಿಷಯ ಸೇರಿಸಿದೆ. ಈ ಸಲದ ಬೆಲೆ ನೋಡಿ ಮುಂದಿನ ಸಲದ ಬೆಳೆ, ಅದರಿಂದ ಬೆಲೆ ಕುಸಿತ, ಅದರಿಂದ ಮತ್ತೆ ಕಡಿಮೆ ಬೆಳೆ. 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ ಇದಕ್ಕೆ ಜೇಡರ ಬಲೆಯ ಹೆಸರಿಟ್ಟರು. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಎರಡು ರೇಖೆ, ಎರಡು ಸ್ಲೈಡರ್ ಹಾಕಿ ಚಿತ್ರ ಮಾಡಿದೆ. ಪೂರೈಕೆ ರೇಖೆ ಬೇಡಿಕೆ ರೇಖೆಗಿಂತ ಕಡಿದಾಗಿದ್ದರೆ ಬಲೆ ಒಳಕ್ಕೆ ಸುತ್ತಿ ಸಮತೋಲನಕ್ಕೆ ಬರುತ್ತದೆ. ಉಲ್ಟಾ ಮಾಡಿದರೆ ಏರಿಳಿತ ಹಿಗ್ಗುತ್ತಾ ಹೋಗುತ್ತದೆ. ಸ್ಲೈಡರ್ ಎಳೆಯಲು ಬೋರ್ಡ್ ಹತ್ತಿರ ಸಾಲು ನಿಂತರು.

ಡಿಸೆಂಬರ್: ವರದಿ ಏನು ಹೇಳುತ್ತದೆ

ಮೂಡಲ್‌ನ ಕ್ವಿಜ್ ಅಂಕಿಅಂಶದ ಪುಟ ನನಗೆ ಇಷ್ಟವಾದ ಭಾಗ. ಫೆಸಿಲಿಟಿ ಇಂಡೆಕ್ಸ್ ಪ್ರಶ್ನೆ ಎಷ್ಟು ಸುಲಭ ಅಂತ ಹೇಳುತ್ತದೆ. ಡಿಸ್ಕ್ರಿಮಿನೇಷನ್ ಇಂಡೆಕ್ಸ್, ಉಳಿದ ಪ್ರಶ್ನೆಗಳನ್ನು ಚೆನ್ನಾಗಿ ಮಾಡಿದವರು ಇದನ್ನೂ ಸರಿ ಮಾಡಿದ್ದಾರಾ ಅಂತ. ಇದು ಸೊನ್ನೆಗಿಂತ ಕೆಳಗೆ ಇಳಿದರೆ ಜಾಣರೇ ಎಡವಿದ್ದಾರೆ ಎಂದರ್ಥ. ಆಗ ಪ್ರಶ್ನೆಯನ್ನೇ ಅನುಮಾನಿಸಬೇಕು.

ಹಳೇ ಪತ್ರಿಕೆಯಿಂದ ಬಂದ ಒಂದು ಪ್ರಶ್ನೆ ಹಾಗೆ ಸಿಕ್ಕಿಬಿತ್ತು. ‘ಇವುಗಳಲ್ಲಿ ಐಷಾರಾಮಿ ವಸ್ತು ಯಾವುದು? ಅಕ್ಕಿ, ಉಪ್ಪು, ಸೀಮೆಎಣ್ಣೆ, ಟೆಲಿಫೋನ್.’ ಚೆನ್ನಾಗಿ ಓದುವವರೆಲ್ಲ ಸೀಮೆಎಣ್ಣೆ ಆರಿಸಿದ್ದರು. ಕೇಳಿದರೆ, “ಫೋನ್ ಇಲ್ದೆ ಯಾರಿದಾರೆ ಮೇಡಂ? ಸೀಮೆಎಣ್ಣೆ ನಾವು ನೋಡೇ ಇಲ್ಲ, ಅದೇ ಇರ್ಬೇಕು ಅಂದ್ಕೊಂಡ್ವಿ” ಅಂದರು. ವಾದದಲ್ಲಿ ಹುರುಳಿದೆ. ಆ ಪ್ರಶ್ನೆ ಬ್ಯಾಂಕಿನಿಂದ ಹೊರಗೆ.

ಸದ್ಯದ ಸ್ಥಿತಿ ಇದು. ಬೇಡಿಕೆ, ಪೂರೈಕೆ, ಸಮತೋಲನದ ಪ್ರಶ್ನೆಗಳು ತಯಾರಿವೆ. ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಈಗ ಮಕ್ಕಳ ಬಾಯಿಂದಲೇ ಬಂದವು. ನಾನು ಕೂತು ಹೊಸೆದ ‘ರೇಖೆ ಚಪ್ಪಟೆಯಾಗುತ್ತದೆ’ ಥರದ್ದನ್ನು ಯಾರೂ ಮುಟ್ಟುವುದಿಲ್ಲ, ಒಂದೊಂದಾಗಿ ತೆಗೆಯುತ್ತಿದ್ದೇನೆ. ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವುದು) ಅರ್ಧ ಆಗಿದೆ. ಉತ್ಪಾದನಾ ವೆಚ್ಚ ಮುಟ್ಟಿಯೇ ಇಲ್ಲ. ಕೋರ್ಸಿನ ಬ್ಯಾಕಪ್ ಎರಡು ಪೆನ್‌ಡ್ರೈವ್‌ನಲ್ಲಿದೆ. ಆ ಹಳೇ ಹಾರ್ಡ್ ಡಿಸ್ಕ್ ಮಾಡುವ ಸದ್ದು ಕೇಳಿದರೆ ಮೂರನೆಯದೂ ಬೇಕು ಅನಿಸುತ್ತದೆ.

ಗಿಫ್ಟ್ ಫೈಲುಗಳು ಸುಮ್ನೆ ಪಠ್ಯದ ಫೈಲುಗಳು, ಯಾರಿಗೆ ಬೇಕಾದರೂ ಕೊಡುತ್ತೇನೆ. ನೀವೂ ಕನ್ನಡದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದರೆ ಬದಲಿಗೆ ಒಂದು ಸಹಾಯ: ಸರಾಸರಿ ವೆಚ್ಚ, ಸೀಮಾಂತ ವೆಚ್ಚದ ಬಗ್ಗೆ ನಿಮ್ಮ ಮಕ್ಕಳು ಕೊಡುವ ತಪ್ಪು ಉತ್ತರಗಳನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ತಿದ್ದಬೇಡಿ.