ಘಟ್ಟದ ದಾರಿಗೆ ಗಂಟೆಯ ಲೆಕ್ಕ: ಬೈಕಿನಲ್ಲಿ ಏಳು ದಿನ ಮಲೆನಾಡು

ಮೊದಲ ಸಲ ಮಲೆನಾಡಿಗೆ ಬೈಕಿನಲ್ಲಿ ಹೋದಾಗ ನಾನು ಮ್ಯಾಪ್ ನೋಡಿ ದಿನಕ್ಕೆ 300 ಕಿ.ಮೀ. ಅಂತ ಲೆಕ್ಕ ಹಾಕಿದ್ದೆ. ಮೂರನೇ ದಿನ ರಾತ್ರಿ ಎಂಟು ಗಂಟೆಗೆ ಆಗುಂಬೆ ಘಾಟಿ ಇಳಿಯುತ್ತಿದ್ದೆ. ಮಳೆ, ಮಂಜು, ಹೆಲ್ಮೆಟ್ಟಿನ ಗಾಜು ಎತ್ತಿದರೆ ಕಣ್ಣಿಗೆ ಹನಿ ಹೊಡೆಯುತ್ತಿತ್ತು, ಇಳಿಸಿದರೆ ಏನೂ ಕಾಣುತ್ತಿರಲಿಲ್ಲ. ಏನೂ ಆಗಲಿಲ್ಲ, ದೇವರ ದಯೆ. ಆದರೆ ಆ ಒಂದು ಗಂಟೆಯ ಭಯ ಇವತ್ತಿಗೂ ಮರೆತಿಲ್ಲ. ಆ ಘಾಟಿಯಲ್ಲಿ ನೋಡಬೇಕಾದದ್ದು ಒಂದನ್ನೂ ನೋಡಲಿಲ್ಲ ಅನ್ನುವ ಬೇಸರ ಬೇರೆ.

ಹಾಗಾಗಿ 2025ರ ಅಕ್ಟೋಬರ್‌ನಲ್ಲಿ ಹೆಂಡತಿಯ ಜೊತೆ ಮತ್ತೆ ಹೊರಟಾಗ ಯೋಜನೆಯನ್ನೇ ಬದಲಾಯಿಸಿದೆ. ಘಟ್ಟದ ದಾರಿ ಇರುವ ದಿನ ಗಂಟೆಗೆ 25 ಕಿ.ಮೀ. ಅಂತ ಮಾತ್ರ ಹಿಡಿದೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಗಾಡಿ ಓಡಿಸಬಾರದು, ಸಂಜೆ ನಾಲ್ಕಕ್ಕೆ ಉಳಿಯುವ ಜಾಗ ಸೇರಿರಬೇಕು. ಇಷ್ಟೇ ನಿಯಮ. ಏಳು ದಿನ, ಬೆಂಗಳೂರಿನಿಂದ ಬೆಂಗಳೂರಿಗೆ ಸುಮಾರು 1150 ಕಿ.ಮೀ. ನೀವು ಇದೇ ದಾರಿಯಲ್ಲಿ ಹೋಗಬೇಕು ಅಂತಿದ್ದರೆ, ನಮಗೆ ಉಪಯೋಗಕ್ಕೆ ಬಂದದ್ದನ್ನೂ ನಾವು ಪಾಡು ಪಟ್ಟದ್ದನ್ನೂ ಹೇಳುತ್ತೇನೆ.

ಮೊದಲು ಬೈಕಿನ ಮಾತು. ನಮ್ಮದು ಹಳೆಯ 150 ಸಿಸಿ ಪಲ್ಸರ್. ಇಬ್ಬರು, ಎರಡು ಪಕ್ಕದ ಚೀಲ, ಒಂದು ಟ್ಯಾಂಕ್ ಚೀಲ. ಎಲ್ಲ ಘಾಟಿಗಳನ್ನೂ ಹತ್ತಿತು. ದೊಡ್ಡ ಬೈಕ್ ಇಲ್ಲ ಅಂತ ಪ್ರವಾಸ ಮುಂದೂಡಬೇಡಿ. ಆದರೆ ಟೈರು ಸವೆದಿದ್ದರೆ ಖಂಡಿತ ಹೊರಡಬೇಡಿ. ಹೊರಡುವ ವಾರದ ಮೊದಲು ನಾನು ಹಿಂದಿನ ಟೈರು, ಎರಡೂ ಕಡೆ ಬ್ರೇಕು, ಕ್ಲಚ್ ಕೇಬಲ್ ಹೊಸದು ಹಾಕಿಸಿದೆ. ಹಳೆಯ ಕೇಬಲ್ ಬಿಸಾಡದೆ ಚೀಲದಲ್ಲಿ ಇಟ್ಟುಕೊಂಡೆ. ಒಂದು ಮಾತು, ರಿಪೇರಿ ಮಾಡಿಸಿದ ಮರುದಿನವೇ ಊರು ಬಿಡಬೇಡಿ. ಸರ್ವಿಸ್ ಮಾಡಿದ ಗ್ಯಾರೇಜಿನವರು ಹಿಂದಿನ ಚಕ್ರದ ನಟ್ ಸರಿಯಾಗಿ ಬಿಗಿ ಮಾಡಿರಲಿಲ್ಲ. ಊರೊಳಗೇ ನಾಲ್ಕು ದಿನ ಓಡಿಸಿದ್ದರಿಂದ ಗೊತ್ತಾಯಿತು. ಘಟ್ಟದಲ್ಲಿ ಗೊತ್ತಾಗಿದ್ದರೆ ಏನು ಗತಿ?

ಯಾವಾಗ ಹೋಗಬೇಕು ಅನ್ನುವುದಕ್ಕೆ ನನ್ನ ಉತ್ತರ ಒಂದೇ, ದಸರಾ ರಜೆ ಮುಗಿದ ಮೇಲಿನ ಸೋಮವಾರ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡು ಚೆಂದವೇ, ಆದರೆ ಮರ ಬೀಳುತ್ತದೆ, ಗುಡ್ಡ ಜರುಗುತ್ತದೆ, ದಾರಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಈ ತಿಂಗಳುಗಳಲ್ಲೇ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ. ಸಂಜೆ ನಾಲ್ಕರೊಳಗೆ ಸೇರುವ ನಿಯಮ ಇದಕ್ಕೂ ಹೊಂದುತ್ತದೆ. ಹಳ್ಳಗಳೆಲ್ಲ ಇನ್ನೂ ತುಂಬಿರುತ್ತವೆ, ಗದ್ದೆ ಹಸಿರಾಗಿರುತ್ತದೆ.

ಮೊದಲ ದಿನ ಬೆಂಗಳೂರಿನಿಂದ ಚಿಕ್ಕಮಗಳೂರು, 245 ಕಿ.ಮೀ. ಕುಣಿಗಲ್, ಚನ್ನರಾಯಪಟ್ಟಣ, ಹಾಸನದವರೆಗೆ ನಾಲ್ಕು ಪಥದ ಹೆದ್ದಾರಿ, ದ್ವಿಚಕ್ರಕ್ಕೆ ಟೋಲ್ ಇಲ್ಲ. ಬೆಳಿಗ್ಗೆ ಐದೂವರೆಗೆ ಹೊರಟು ನೆಲಮಂಗಲ ದಾಟಿಬಿಡಿ. ಬೇಲೂರಿನಲ್ಲಿ ದೇವಸ್ಥಾನಕ್ಕೆ ಎರಡು ಗಂಟೆ ಕೊಟ್ಟೆವು. ಇಡೀ ಪ್ರವಾಸದಲ್ಲಿ ಉದ್ದ ಓಡಿಸಿದ್ದು ಈ ದಿನ ಮತ್ತು ವಾಪಸ್ ಬರುವ ದಿನ ಮಾತ್ರ.

ಎರಡನೇ ದಿನ ಚಿಕ್ಕಮಗಳೂರಿನಲ್ಲೇ ಉಳಿದೆವು. ಮುಳ್ಳಯ್ಯನಗಿರಿ 1930 ಮೀಟರ್, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಅಲ್ಲಿಗೂ ಬಾಬಾಬುಡನ್‌ಗಿರಿಗೂ ಹೋಗಲು ಈಗ ವಾಹನಗಳಿಗೆ ಮಿತಿ ಇದೆ, ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿಕೊಂಡು ಹೋಗಬೇಕು. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಬೆಳಗಿನ ಸರದಿಯನ್ನೇ ತೆಗೆದುಕೊಳ್ಳಿ, ಹತ್ತು ಗಂಟೆಯ ಮೇಲೆ ಆ ಕಿರಿದಾದ ದಾರಿಯಲ್ಲಿ ಕಾರುಗಳು ಎದುರುಬದುರಾದರೆ ಬೈಕಿಗೂ ಜಾಗ ಇರುವುದಿಲ್ಲ. ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರು ಅನ್ನುವ ಕಥೆ ಎಲ್ಲರೂ ಕೇಳಿದ್ದೀರಿ. ಆ ಬೆಟ್ಟದ ಇಳಿಜಾರಿನಲ್ಲಿ ನಿಂತು ಕೆಳಗಿನ ತೋಟಗಳನ್ನು ನೋಡಿದಾಗ ಮೈ ಜುಮ್ ಅಂದಿತು.

ಮೂರನೇ ದಿನದಿಂದ ನಿಜವಾದ ಪ್ರವಾಸ ಶುರು. ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು, ಕಳಸ. ಬರೀ 90 ಕಿ.ಮೀ. ಚಿಲ್ಲರೆ. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬಾಳೆಹೊನ್ನೂರಿನಲ್ಲಿ ಭದ್ರೆ. ಈ ದಾರಿಯಲ್ಲಿ ತಿರುವುಗಳು ಕುರುಡು ತಿರುವುಗಳು, ಬೇಲಿಯ ಗಿಡಗಳು ರಸ್ತೆಗೆ ಬಾಗಿರುತ್ತವೆ. ತೋಟದ ಜೀಪುಗಳೂ ಸರ್ಕಾರಿ ಬಸ್ಸುಗಳೂ ದಾರಿ ಬಾಯಿಪಾಠ ಇರುವವರ ವೇಗದಲ್ಲಿ ಬರುತ್ತವೆ. ಪ್ರತಿ ತಿರುವಿನಲ್ಲೂ ಹಾರನ್ ಹೊಡೆಯಿರಿ, ಎಡಕ್ಕೇ ಇರಿ. ನನ್ನ ಹೆಂಡತಿ ಹಿಂದೆ ಕೂತು ಒಂದು ಉಪಾಯ ಮಾಡಿದಳು, ಎದುರಿನ ತಿರುವಿನಾಚೆ ಮರಗಳ ಸಂದಿಯಲ್ಲಿ ಗಾಡಿ ಬರುವುದು ಕಂಡರೆ ನನ್ನ ಎಡ ಭುಜ ತಟ್ಟುತ್ತಿದ್ದಳು. ಗಾಳಿಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ತಟ್ಟಿದ್ದು ತಕ್ಷಣ ತಿಳಿಯುತ್ತದೆ. ಹಿಂದೆ ಕೂರುವವರ ಬಗ್ಗೆ ಇನ್ನೊಂದು ಮಾತು: ಅವರಿಗೂ ಒಳ್ಳೆಯ ಹೆಲ್ಮೆಟ್, ಕೈಗವಸು, ಮುಚ್ಚಿದ ಬೂಟು ಕೊಡಿಸಿ. ಓಡಿಸುವವರಿಗೆ ಸಾವಿರಾರು ರೂಪಾಯಿಯ ಜಾಕೆಟ್, ಹಿಂದಿನವರಿಗೆ ಚಪ್ಪಲಿ ಮತ್ತು ದುಪಟ್ಟಾ, ಇದನ್ನು ದಾರಿಯುದ್ದಕ್ಕೂ ನೋಡಿದೆ. ತುಂಬಾ ನೋವಾಯಿತು.

ಕಳಸದಲ್ಲಿ ಒಂದು ಮನೆಯಲ್ಲಿ ಉಳಿದೆವು. ರಾತ್ರಿ ಕಡುಬು, ಕಾಯಿ ಹಾಲು, ಬೆಳಿಗ್ಗೆ ಅಕ್ಕಿ ರೊಟ್ಟಿ. ಹೊರನಾಡು ಇಲ್ಲಿಂದ ಎಂಟು ಕಿ.ಮೀ., ಅನ್ನಪೂರ್ಣೇಶ್ವರಿಯ ಪ್ರಸಾದದ ಊಟಕ್ಕೆ ಮಧ್ಯಾಹ್ನವೇ ಹೋಗಿ ಬಂದಿದ್ದೆವು. ಕಳಸ ಬಿಡುವ ಮೊದಲು ಟ್ಯಾಂಕ್ ತುಂಬಿಸಿಕೊಳ್ಳಿ, ಶೃಂಗೇರಿ ತನಕ ಅದೇ ಆಸರೆ. ಮೊಬೈಲ್ ಮ್ಯಾಪನ್ನೂ ಇಲ್ಲೇ ಆಫ್‌ಲೈನ್ ಇಳಿಸಿಕೊಳ್ಳಿ. ಮುಂದೆ ಕಾಡಿನಲ್ಲಿ ಸಿಗ್ನಲ್ ಇಲ್ಲ.

ನಾಲ್ಕನೇ ದಿನದ ದಾರಿ ನನ್ನ ಪ್ರಕಾರ ಕರ್ನಾಟಕದಲ್ಲೇ ಅತಿ ಸುಂದರವಾದದ್ದು. ಕಳಸದಿಂದ ಸಂಸೆಯ ಟೀ ತೋಟ, ಕುದುರೆಮುಖ ಪಟ್ಟಣ, ಅಲ್ಲಿಂದ ಎಸ್.ಕೆ. ಬಾರ್ಡರ್ ಅನ್ನುವ ಕೂಡುರಸ್ತೆ, ಬಲಕ್ಕೆ ತಿರುಗಿ ಕೆರೆಕಟ್ಟೆ, ಶೃಂಗೇರಿ. ಒಟ್ಟು ನೂರು ಕಿ.ಮೀ. ಕೂಡ ಇಲ್ಲ, ಆದರೆ ನಾವು ಅರ್ಧ ದಿನಕ್ಕೂ ಹೆಚ್ಚು ತೆಗೆದುಕೊಂಡೆವು. ಕುದುರೆಮುಖ ಪಟ್ಟಣ ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ ಊರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಖಾಲಿ ಕ್ವಾರ್ಟರ್ಸ್‌ಗಳ ಗೋಡೆಗೆ ಪಾಚಿ, ಅಂಗಳದಲ್ಲಿ ಪೊದೆ. ಆಚೆ ನೋಡಿದರೆ ಹುಲ್ಲು ಹೊದ್ದ ಬೆಟ್ಟಗಳ ಸಾಲು, ಬೆಟ್ಟದ ಸಂದಿಗಳಲ್ಲಿ ಮಾತ್ರ ಕಪ್ಪು ಹಸಿರಿನ ಶೋಲಾ ಕಾಡು. ಬೈಕ್ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು ಅನ್ನಿಸುತ್ತದೆ. ಆದರೆ ಇದು ರಾಷ್ಟ್ರೀಯ ಉದ್ಯಾನ, ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಸಿಕ್ಕಸಿಕ್ಕಲ್ಲಿ ನಿಲ್ಲುವ ಹಾಗಿಲ್ಲ. ಪ್ಲಾಸ್ಟಿಕ್ ಎಸೆಯುವಂತಿಲ್ಲ. ಆ ನಿಯಮವನ್ನು ದಯವಿಟ್ಟು ಪಾಲಿಸಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಕಾಡಿನ ಬೆಟ್ಟಗಳಲ್ಲಿ. ನಾಡಿನ ಎಷ್ಟೋ ಜನ ಕುಡಿಯುವ ನೀರು ಇಲ್ಲಿಂದ ಹೊರಡುತ್ತದೆ ಅಲ್ವಾ?

ಕೆರೆಕಟ್ಟೆ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಫೋನಿಗೆ ಸಿಗ್ನಲ್ ಇಲ್ಲ, ಸುತ್ತ ಕಾಡು, ಹತ್ತಿರದಲ್ಲಿ ಮನೆ ಇಲ್ಲ. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್, ಸಣ್ಣ ಕೈಪಂಪು ಇದ್ದದ್ದರಿಂದ ಅರ್ಧ ಗಂಟೆಯಲ್ಲಿ ಮುಗಿಯಿತು. ಕಿಟ್ ಕೊಂಡರೆ ಸಾಲದು, ಮನೆಯಲ್ಲಿ ಒಮ್ಮೆ ಹಳೆಯ ಟೈರಿನ ಮೇಲೆ ಮಾಡಿ ನೋಡಿ. ನಾನು ಮಾಡಿ ನೋಡಿದ್ದೆ, ಅದಕ್ಕೇ ಕೈ ನಡುಗಲಿಲ್ಲ. ಆ ಅರ್ಧ ಗಂಟೆಯಲ್ಲಿ ಇಬ್ಬರ ಕಾಲಿಗೂ ಉಂಬಳ, ಅಂದರೆ ಕಾಡಿನ ಜಿಗಣೆ, ಹತ್ತಿದ್ದವು. ಹೆದರಬೇಡಿ, ಕಿತ್ತು ಎಳೆಯಬೇಡಿ. ಉಪ್ಪಿನ ಪುಡಿ ಒಂದು ಬಟ್ಟೆಯ ಗಂಟಿನಲ್ಲಿ ಕಟ್ಟಿ ಒದ್ದೆ ಮಾಡಿ ಮುಟ್ಟಿಸಿದರೆ ಸಾಕು, ಉದುರುತ್ತವೆ. ಕಳಸದ ಮನೆಯ ಅಜ್ಜಿಯೇ ಆ ಗಂಟು ಕಟ್ಟಿಕೊಟ್ಟಿದ್ದರು.

ಶೃಂಗೇರಿಯಲ್ಲಿ ರಾತ್ರಿ ಕಳೆದು ಐದನೇ ದಿನ ಬೆಳಿಗ್ಗೆ ಆಗುಂಬೆಗೆ ಬಂದೆವು. ಈ ಸಲ ಬೆಳಕಿನಲ್ಲಿ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಇಳಿಯುವಾಗ ಬ್ರೇಕನ್ನೇ ಒತ್ತಿ ಹಿಡಿದುಕೊಂಡು ಹೋಗಬೇಡಿ, ಅದು ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲಿ ಇಟ್ಟು ಎಂಜಿನ್ನಿಗೇ ತಡೆಯಲು ಬಿಡಿ, ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಮುಟ್ಟಬೇಡಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಯೋಚನೆ ಕನಸಿನಲ್ಲೂ ಬೇಡ. ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಇದು ಕಾನೂನೂ ಹೌದು, ಘಟ್ಟದ ಮರ್ಯಾದೆಯೂ ಹೌದು. ಮಂಗಗಳಿಗೆ ತಿಂಡಿ ಹಾಕಲು ತಿರುವಿನಲ್ಲೇ ಕಾರು ನಿಲ್ಲಿಸುವವರು ಇದ್ದಾರೆ, ಅದನ್ನು ನಿರೀಕ್ಷಿಸಿಕೊಂಡೇ ತಿರುಗಿ.

ಸೋಮೇಶ್ವರಕ್ಕೆ ಇಳಿದರೆ ಒಮ್ಮೆಗೇ ಸೆಕೆ. ಹೆಬ್ರಿಯಲ್ಲಿ ನೀರ್ ದೋಸೆ ತಿಂದು, ಸಾಗರದವರೆಗೆ ಸಾಕಾಗುವಷ್ಟು ಪೆಟ್ರೋಲ್ ಹಾಕಿಸಿ, ಉಡುಪಿ ಜಿಲ್ಲೆಯ ಸಿದ್ದಾಪುರ, ಹೊಸಂಗಡಿ ಮೇಲೆ ಬಾಳೆಬರೆ ಘಾಟಿ ಹತ್ತಿದೆವು. ಹುಲಿಕಲ್ ಘಾಟಿ ಅಂತಲೂ ಹೇಳುತ್ತಾರೆ. ಆಗುಂಬೆಯಷ್ಟು ಹೆಸರಿಲ್ಲ, ಆದರೆ ಕಾಡು ಅದಕ್ಕಿಂತ ದಟ್ಟ ಅನ್ನಿಸಿತು. ಹೀಗೆ ಒಂದು ಘಾಟಿ ಇಳಿದು ಇನ್ನೊಂದು ಹತ್ತಿದರೆ ಬಂದ ದಾರಿಯಲ್ಲೇ ವಾಪಸ್ ಹೋಗುವ ಬೇಸರ ಇಲ್ಲ, ಸುಮ್ನೆ ನೂರು ಕಿ.ಮೀ. ಉಳಿಸಲು ಇದನ್ನು ಬಿಡಬೇಡಿ.

ನಾನು ಬಿದ್ದದ್ದು ಇಲ್ಲೇ. ಚಂಡಿಕಾಂಬಾ ಗುಡಿ ದಾಟಿದ ಮೇಲೆ ಎದುರಿಗೆ ಲಾರಿ ಬಂತು, ನಾನು ರಸ್ತೆಯ ತುದಿಗೆ ಸರಿದೆ. ತುದಿಯಲ್ಲಿ ನೀರು ಜಿನುಗಿ ಪಾಚಿ ಕಟ್ಟಿತ್ತು. ಮುಂದಿನ ಬ್ರೇಕ್ ಮುಟ್ಟಿದ್ದೇ ತಡ ಚಕ್ರ ಜಾರಿತು. ನಡೆಯುವ ವೇಗ, ಹಾಗಾಗಿ ಇಬ್ಬರಿಗೂ ಮೊಣಕೈ ತರಚಿದ್ದು ಬಿಟ್ಟರೆ ಏನಿಲ್ಲ. ಬ್ರೇಕ್ ಲಿವರ್ ಬಾಗಿತು. ಆಮೇಲೆ ಒಂದು ಪಾಠ ಕಲಿತೆ: ದೊಡ್ಡ ಗಾಡಿ ಕಂಡ ಕೂಡಲೇ, ದಾರಿ ಅಗಲ ಇರುವಲ್ಲಿ, ಒಣ ಡಾಂಬರಿನ ಮೇಲೆ ಪೂರ್ತಿ ನಿಂತುಬಿಡುವುದು. ಅದು ಹೋದ ಮೇಲೆ ಹೊರಡುವುದು. ಪ್ರಥಮ ಚಿಕಿತ್ಸೆಯ ಡಬ್ಬಿ ಚೀಲದ ಮೇಲ್ಗಡೆ ಇರಲಿ, ನಮ್ಮದು ಎಲ್ಲ ಬಟ್ಟೆಯ ಕೆಳಗಿತ್ತು.

ಮಾಸ್ತಿಕಟ್ಟೆ ದಾಟಿ ನಗರಕ್ಕೆ ಬಂದೆವು. ಇದೇ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡ. ಕೋಟೆ ರಸ್ತೆಯ ಪಕ್ಕದಲ್ಲೇ ಇದೆ, ಒಂದು ಗಂಟೆ ಸಾಕು. ರಾತ್ರಿ ನಿಟ್ಟೂರಿನ ಕಡೆ ಉಳಿದೆವು. ಕೊಡಚಾದ್ರಿಗೆ ಹೋಗುವ ಆಸೆ ಇದ್ದರೆ ಅಲ್ಲಿಂದ ಜೀಪು ಹಿಡಿಯಿರಿ. ಆ ಕಲ್ಲು ದಾರಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸ್ವಂತ ಬೈಕ್ ಹತ್ತಿಸುವುದು ಬೇಡ.

ಆರನೇ ದಿನ ಸಿಗಂದೂರಿನ ಮೇಲೆ ಸಾಗರ, ಜೋಗ. ನಾನು ಚಿಕ್ಕವನಿದ್ದಾಗ ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿದ್ದು ನೆನಪಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಮೇಲೆ ತುಮರಿ ಕಡೆಯ ಜನ ಆಸ್ಪತ್ರೆಗೂ ಕಾಲೇಜಿಗೂ ಆ ಲಾಂಚಿಗೇ ಕಾಯಬೇಕಿತ್ತು. 2025ರ ಜುಲೈ 14ರಂದು ಸೇತುವೆ ತೆರೆಯಿತು, ಎರಡು ಕಿ.ಮೀ.ಗೂ ಉದ್ದ. ನಾವು ಕೆಲವೇ ನಿಮಿಷದಲ್ಲಿ ದಾಟಿದೆವು. ದಡದ ಚಿಕ್ಕ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಅಲ್ಲಿನ ಹಿರಿಯರೊಬ್ಬರು, ರಾತ್ರಿ ಹೆರಿಗೆ ನೋವು ಬಂದರೆ ಈಗ ಹೆದರಿಕೆ ಇಲ್ಲ ಅಂದರು. ನನ್ನ ಕಣ್ಣು ತುಂಬಿತು. ಸೇತುವೆ ಮೇಲೆ ಬೈಕ್ ನಿಲ್ಲಿಸಿ ಫೋಟೋ ತೆಗೆಯಬೇಡಿ, ಗಾಳಿ ಜೋರು, ಹಿಂದೆ ಬಸ್ಸುಗಳು ಬರುತ್ತಿರುತ್ತವೆ. ದಡದಿಂದ ತೆಗೆಯಿರಿ.

ಜೋಗದಲ್ಲಿ ನಾವು ಹೋದಾಗ ಎದುರಿಗೆ ಬರೀ ಬಿಳಿ ಮಂಜು, ಸದ್ದು ಮಾತ್ರ. ಕೆಲವರು ಐದು ನಿಮಿಷ ನೋಡಿ ವಾಪಸ್ ಹೊರಟರು. ಕಾಯಿರಿ. ಮುಕ್ಕಾಲು ಗಂಟೆ ಕಾದ ಮೇಲೆ ಪರದೆ ಸರಿದ ಹಾಗೆ ಮಂಜು ಸರಿಯಿತು, ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು. 253 ಮೀಟರ್ ಎತ್ತರದಿಂದ ಬೀಳುವ ನೀರು. ಮತ್ತೆ ಹತ್ತು ನಿಮಿಷಕ್ಕೆ ಮುಚ್ಚಿಕೊಂಡಿತು.

ಜೋಗದಿಂದ ಬೆಂಗಳೂರು ಸುಮಾರು 400 ಕಿ.ಮೀ. ಹೆಚ್ಚಿನವರು ಒಂದೇ ದಿನದಲ್ಲಿ ಹೊಡೆಯುತ್ತಾರೆ, ಪ್ರವಾಸದ ಕೊನೆಯ ದಿನ ದಣಿದ ಮೈಯಲ್ಲಿ. ನಾವು ಆರನೇ ದಿನವೇ ಮಧ್ಯಾಹ್ನ ಹೊರಟು ಸಂಜೆಗೆ ಶಿವಮೊಗ್ಗ ಸೇರಿ ಅಲ್ಲಿ ಮಲಗಿದೆವು. ಅಲ್ಲೇ ಮೆಕ್ಯಾನಿಕ್ ಒಬ್ಬರು ಬಾಗಿದ ಲಿವರ್ ಬದಲಾಯಿಸಿ, ಚೈನ್ ತೊಳೆದು ಎಣ್ಣೆ ಹಾಕಿಕೊಟ್ಟರು. ಏಳನೇ ದಿನ ಬೆಳಿಗ್ಗೆ ಆರಕ್ಕೆ ಬಿಟ್ಟು ಕಡೂರು, ಅರಸೀಕೆರೆ, ತಿಪಟೂರಿನ ಮೇಲೆ ಮಧ್ಯಾಹ್ನ ಎರಡಕ್ಕೆ ಮನೆ. ನಿಮಗೆ ಇನ್ನೂ ಒಂದು ದಿನ ರಜೆ ಸಿಗುವಂತಿದ್ದರೆ ಅದನ್ನು ಕಳಸದಲ್ಲಿ ಕಳೆಯಿರಿ.