ಕುಳಿಯ ತಳದ ಕಲ್ಲು, ನಾನು ಕಟ್ಟಿದ ಸೂರು

ಉತ್ಖನನ ನಡೆಯುವ ನೆಲೆಗಳನ್ನು ಫೋಟೋಗಳಲ್ಲಿ ದಾಖಲಿಸಿ, ಅವುಗಳಿಂದ ಮೂರು ಆಯಾಮದ ಮಾದರಿಗಳನ್ನು ತಯಾರಿಸಿ, ಬೇಕಾದಾಗ ಅವುಗಳೊಳಗೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ತೊಟ್ಟು ಓಡಾಡುವಂತೆ ಮಾಡಿಕೊಡುವುದು ನನ್ನ ಕೆಲಸ. ಹೊಸಬರು ಯಾರಾದರೂ ತಂಡಕ್ಕೆ ಸೇರಿದರೆ, ನಾನೇ ಕೆಡಿಸಿದ ಒಂದು ಮನೆಯನ್ನು ಅವರಿಗೆ ಮೊದಲು ತೋರಿಸುತ್ತೇನೆ.

ಆ ಮನೆಯದ್ದೆಂದು ನೆಲದಲ್ಲಿ ಉಳಿದಿದ್ದುದು ಅತ್ಯಲ್ಪ: ಆರು ಕಂಬದ ಕುಳಿಗಳು, ಒಂದು ಬದಿಯಲ್ಲಿ ಮೊಣಕಾಲೆತ್ತರಕ್ಕೂ ಬಾರದ ಕಲ್ಲಿನ ಸಾಲು, ನಡುವೆ ಸುಟ್ಟು ಕೆಂಪಾದ ಮಣ್ಣಿನಲ್ಲಿ ಒಲೆಯ ಗುರುತು. ಮರ, ಹುಲ್ಲು, ಹಗ್ಗ ಎಲ್ಲವೂ ಎಂದೋ ಕೊಳೆತು ಮಣ್ಣಾಗಿದ್ದವು. ಕಂಬ ಕೊಳೆತ ಜಾಗದಲ್ಲಿ ತುಂಬಿಕೊಂಡ ಮಣ್ಣು ಸುತ್ತಲಿನ ಮಣ್ಣಿಗಿಂತ ಸಡಿಲವಾಗಿಯೂ ಗಾಢವಾಗಿಯೂ ಇರುವುದರಿಂದಲೇ ಅಲ್ಲೊಂದು ಕಂಬ ನಿಂತಿತ್ತೆಂದು ತಿಳಿಯುತ್ತದೆ. ಉತ್ಖನನದ ಕಷ್ಟವೆಂದರೆ, ಆ ಗುರುತನ್ನು ಓದಬೇಕಾದರೆ ಅದನ್ನು ಅಗೆದೇ ತೆಗೆಯಬೇಕು. ಒಮ್ಮೆ ತೆಗೆದ ಪದರವನ್ನು ಮತ್ತೆ ಹಾಸಿ ನೋಡಲು ಬರುವುದಿಲ್ಲ. ಆದ್ದರಿಂದ ಪ್ರತಿ ಹಂತದಲ್ಲೂ ದಾಖಲೆ ಮಾಡಿಕೊಳ್ಳುವವರ ಮೇಲೆ ದೊಡ್ಡ ಹೊಣೆ ಬೀಳುತ್ತದೆ, ಮತ್ತು ಆ ಬಾರಿ ಆ ಹೊಣೆ ನನ್ನದಾಗಿತ್ತು.

ಫೋಟೋದಿಂದ ಅಳತೆ ಹಿಡಿಯುವ ವಿದ್ಯೆ ಹೊಸದೇನಲ್ಲ. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಇಗರ್ಜಿಯನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾಯರ್ ಎಂಬ ವಾಸ್ತುಶಿಲ್ಪಿ ಎತ್ತರದಿಂದ ಬೀಳುವುದರಿಂದ ಸ್ವಲ್ಪದರಲ್ಲಿ ಪಾರಾಗಿ, ಕಟ್ಟಡ ಹತ್ತುವ ಬದಲು ಅದರ ಫೋಟೋಗಳಿಂದಲೇ ಏಕೆ ಅಳೆಯಬಾರದೆಂದು ಯೋಚಿಸಿದ್ದರು. ಇಂದು ಅದೇ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಒಂದು ಫೋಟೋ ಮುಂದಿನ ಫೋಟೋದ ಮೇಲೆ ನೂರಕ್ಕೆ ಎಪ್ಪತ್ತು–ಎಂಬತ್ತು ಭಾಗದಷ್ಟು ಹರಡಿಕೊಳ್ಳುವಂತೆ ಸುತ್ತಲಿಂದಲೂ ಚಿತ್ರ ತೆಗೆದರೆ, ಒಂದೇ ಬಿಂದು ಹಲವು ಚಿತ್ರಗಳಲ್ಲಿ ಎಲ್ಲೆಲ್ಲಿ ಕಾಣುತ್ತದೆ ಎಂಬುದನ್ನು ಹೋಲಿಸಿ ಅದು ಆ ಬಿಂದುವಿನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಅಂಥ ಲಕ್ಷಾಂತರ ಬಿಂದುಗಳನ್ನು ತ್ರಿಕೋನಗಳಾಗಿ ಹೆಣೆದಾಗ ಮೇಲ್ಮೈ ಸಿದ್ಧವಾಗುತ್ತದೆ. ಅಳತೆಪಟ್ಟಿಯನ್ನು ಚಿತ್ರದೊಳಗೆ ಇಡಲು ಮರೆತರೆ ಮಾತ್ರ ಆ ಮಾದರಿ ಬೆರಳಿನಷ್ಟಿದೆಯೋ ಬೆಟ್ಟದಷ್ಟಿದೆಯೋ ಯಾರೂ ಹೇಳಲಾರರು.

ಅಳತೆಪಟ್ಟಿಯನ್ನು ನಾನು ಮರೆಯಲಿಲ್ಲ. ಮರೆತದ್ದು ನೆರಳನ್ನು. ಬಿಸಿಲು ನೆತ್ತಿಯಿಂದ ಆಗಲೇ ವಾಲಿತ್ತು, ಸಂಜೆಯೊಳಗೆ ಆ ಟ್ರೆಂಚನ್ನು, ಅಂದರೆ ಅಗೆಯುತ್ತಿದ್ದ ಚೌಕವನ್ನು, ಬಿಟ್ಟುಕೊಡಬೇಕೆಂಬ ಅವಸರವಿತ್ತು, ಮತ್ತು ನಾಲ್ಕನೆಯ ಕುಳಿಯ ತಳ ಕಪ್ಪು ನೆರಳಿನಲ್ಲಿ ಮುಳುಗಿತ್ತು. ಒಂದು ದೀಪವನ್ನೋ ಬಿಳಿ ಹಲಗೆಯನ್ನೋ ಹಿಡಿದು ಬೆಳಕು ತಿರುಗಿಸಿದ್ದರೆ ಐದು ನಿಮಿಷದ ಕೆಲಸವಾಗಿತ್ತು. ನಾನು ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ನೋಡಿ, ಸಾಕೆಂದುಕೊಂಡು ಮುಂದಿನ ಕುಳಿಗೆ ಹೋದೆ. ಮರುದಿನ ಆ ಕುಳಿಯನ್ನು ಪೂರ್ತಿ ಅಗೆದು ತೆಗೆದರು.

ರಾತ್ರಿ ಮಾದರಿ ಸಿದ್ಧವಾದಾಗ ಅದರಲ್ಲಿ ತೂತು ಕಾಣಲಿಲ್ಲ. ಕಂಡಿದ್ದರೆ ಬೆಳಿಗ್ಗೆಯೇ ಓಡಿಹೋಗಿ ಮತ್ತೆ ಫೋಟೋ ತೆಗೆಯುತ್ತಿದ್ದೆ. ನಾವು ಬಳಸುವ ಸಾಫ್ಟ್‌ವೇರ್‌ನಲ್ಲಿ, ಬಿಂದುಗಳು ಸಿಗದ ಸಣ್ಣ ಜಾಗಗಳನ್ನು ಸುತ್ತಲಿನ ಬಿಂದುಗಳ ಆಧಾರದ ಮೇಲೆ ತಾನೇ ಮುಚ್ಚುವ ಆಯ್ಕೆ ಮೊದಲಿನಿಂದಲೇ ಚಾಲೂ ಇರುತ್ತದೆ. ಹಾಗಾಗಿ ಕುಳಿಯ ತಳ ಒಂದು ಬಟ್ಟಲಿನಂತೆ ನುಣ್ಣಗೆ, ಸುಂದರವಾಗಿ ಮೂಡಿಬಂದಿತ್ತು. ಎಷ್ಟೋ ವಾರಗಳ ಮೇಲೆ ಉತ್ಖನನದ ಹಿರಿಯರೊಬ್ಬರು ತಮ್ಮ ಟಿಪ್ಪಣಿ ಪುಸ್ತಕವನ್ನು ನನ್ನ ಪರದೆಯ ಪಕ್ಕದಲ್ಲಿಟ್ಟು ಕುಳಿತರು. ಅವರು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಅಡ್ಡಸೀಳು ನಕ್ಷೆಯಲ್ಲಿ ನಾಲ್ಕನೆಯ ಕುಳಿಯ ತಳಕ್ಕೆ ಒಂದು ಚಪ್ಪಟೆ ಕಲ್ಲು ಇತ್ತು. ಕಂಬ ಮಣ್ಣಿನೊಳಗೆ ಇಳಿಯದಂತೆ ಕೆಳಗೆ ಇಟ್ಟ ಕಲ್ಲು. ಮಿಕ್ಕ ಐದು ಕುಳಿಗಳಲ್ಲಿ ಅದು ಇರಲಿಲ್ಲ. ಅಂದರೆ ಆ ಒಂದು ಕಂಬ ಉಳಿದವುಗಳಿಗಿಂತ ಹೆಚ್ಚು ಭಾರ ಹೊತ್ತಿರಬಹುದು, ಅಥವಾ ಅಲ್ಲಿ ಮಣ್ಣು ಮೆತ್ತಗಿದ್ದಿರಬಹುದು. ಆ ಮನೆಯ ಬಗ್ಗೆ ಕೇಳಬಹುದಾಗಿದ್ದ ಅತ್ಯಂತ ಒಳ್ಳೆಯ ಪ್ರಶ್ನೆಯನ್ನೇ ನನ್ನ ಮಾದರಿ ನುಣುಪಾಗಿ ಒರೆಸಿಹಾಕಿತ್ತು.

ಇದನ್ನು ನಾನು ಯಂತ್ರದ ತಪ್ಪೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅದೇ ತಪ್ಪನ್ನು ಕೈಯಾರೆ, ಇನ್ನೂ ದೊಡ್ಡದಾಗಿ ಮಾಡಿದ್ದೇನೆಂಬುದು ತಿಳಿದದ್ದು ಆಮೇಲೆ.

ಪ್ರದರ್ಶನಕ್ಕಾಗಿ ಆ ಮನೆಯನ್ನು ಹೆಡ್‌ಸೆಟ್‌ನಲ್ಲಿ ಪೂರ್ತಿಯಾಗಿ ಕಟ್ಟಿ ತೋರಿಸಬೇಕೆಂದು ಕೇಳಿದ್ದರು. ಕಂಬದ ಕುಳಿಗಳು ಹೇಳುವುದು ಕಂಬಗಳ ಸ್ಥಾನವನ್ನು ಮತ್ತು ಹೆಚ್ಚುಕಡಿಮೆ ಅವುಗಳ ದಪ್ಪವನ್ನು. ಎತ್ತರದ ಬಗ್ಗೆ, ಸೂರಿನ ಇಳಿಜಾರಿನ ಬಗ್ಗೆ, ಬಾಗಿಲಿನ ಬಗ್ಗೆ ನಮಗೆ ಏನೂ ಸಿಕ್ಕಿರಲಿಲ್ಲ. ಆದರೆ ಅರ್ಧ ಮನೆಯೊಳಗೆ ಜನರನ್ನು ನಿಲ್ಲಿಸುವುದು ಹೇಗೆ? ನೋಡುವವರ ತಲೆಗೆ ತೊಲೆ ತಾಗಿದಂತೆ ಅನ್ನಿಸಬಾರದೆಂದು ಎತ್ತರವನ್ನು 2.2 ಮೀಟರ್ ಇಟ್ಟೆ. ನನ್ನ ಬಳಿಯಿದ್ದ ಹುಲ್ಲಿನ ಟೆಕ್ಸ್ಚರ್ (ಮಾದರಿಯ ಮೇಲ್ಮೈಗೆ ಹೊದಿಸುವ ಚಿತ್ರ) ಕಡಿದಾದ ಇಳಿಜಾರಿನಲ್ಲಿ ಚೆನ್ನಾಗಿ ಕಾಣುತ್ತಿತ್ತೆಂದು ಸೂರನ್ನು ಕಡಿದಾಗಿಸಿದೆ. ಒಲೆಯ ನೇರಕ್ಕೆ ಸೂರಿನಲ್ಲಿ ಒಂದು ಕಿಂಡಿ ತೆರೆದೆ. ಅದರಿಂದ ಇಳಿದ ಬೆಳಕಿನ ಕೋಲಿನಲ್ಲಿ ಹೊಗೆ ಸುಳಿಯುವುದು ನೋಡಲು ಬಹಳ ಚೆಂದವಿತ್ತು. ಆ ಕಿಂಡಿಗೆ ಬೇರೆ ಯಾವ ಆಧಾರವೂ ಇರಲಿಲ್ಲ. ಸುಮಾರು ಎರಡು ವರ್ಷದ ಮೇಲೆ ವಿದ್ಯಾರ್ಥಿಯೊಬ್ಬರ ಬರಹ ಓದುತ್ತಿದ್ದಾಗ, ಅಂಥ ಮನೆಗಳಲ್ಲಿ ಹೊಗೆ ಹೋಗಲು ಸೂರಿನಲ್ಲಿ ಕಿಂಡಿ ಇರುತ್ತಿತ್ತು ಎಂಬ ವಾಕ್ಯ ಕಣ್ಣಿಗೆ ಬಿತ್ತು. ಆಧಾರವಾಗಿ ಕೊಟ್ಟಿದ್ದುದು ನಮ್ಮ ಮಾದರಿಯ ಒಂದು ಚಿತ್ರ. ಬೆಳಕು ಚೆಂದ ಕಾಣಲೆಂದು ನಾನು ಕೊರೆದ ತೂತು ಪುರಾವೆಯಾಗಿ ನನ್ನ ಬಳಿಗೇ ವಾಪಸು ಬಂದಿತ್ತು. ಆ ವಿದ್ಯಾರ್ಥಿಯನ್ನು ದೂರುವಂತಿಲ್ಲ. ಯಾವುದು ಅಗೆದು ಸಿಕ್ಕಿದ್ದು, ಯಾವುದು ನಾನು ಊಹಿಸಿದ್ದು ಎಂದು ಆ ಚಿತ್ರದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಕಾಗದದ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಈ ತೊಂದರೆ ಇಷ್ಟಿರಲಿಲ್ಲ. ಸಿಕ್ಕ ಗೋಡೆಗೆ ಗಟ್ಟಿ ಗೆರೆ, ಊಹಿಸಿದ ಗೋಡೆಗೆ ತುಂಡು ಗೆರೆ ಎಂಬ ರೂಢಿ ಪುರಾತತ್ವದ ನಕ್ಷೆಗಳಲ್ಲಿ ಹಳೆಯದು. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂದು, ಸ್ಮಾರಕಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಸೂತ್ರಗಳಾದ 1964ರ ವೆನಿಸ್ ಸನ್ನದಿನ 9ನೆಯ ವಿಧಿ ಹೇಳುತ್ತದೆ. ಕಳೆದುಹೋದ ಭಾಗಕ್ಕೆ ಬದಲಿಯಾಗಿ ಸೇರಿಸಿದ್ದು ಒಟ್ಟಿಗೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸಲೂ ಬರಬೇಕು ಎನ್ನುತ್ತದೆ 12ನೆಯ ವಿಧಿ. ಅದಕ್ಕೂ ಮೊದಲೇ ರೋಮ್‌ನಲ್ಲಿ ಕಲಾಕೃತಿಗಳ ಜೀರ್ಣೋದ್ಧಾರದ ಚಿಂತಕ ಚೆಸಾರೆ ಬ್ರಾಂಡಿ ಮತ್ತು ಅವರ ಸಂಸ್ಥೆಯವರು, ಬಣ್ಣ ಉದುರಿದ ಚಿತ್ರಗಳ ಖಾಲಿ ಜಾಗವನ್ನು ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುವ ಕ್ರಮವನ್ನು ರೂಪಿಸಿದ್ದರು. ದೂರದಿಂದ ನೋಡಿದರೆ ಚಿತ್ರ ಪೂರ್ತಿಯಾಗಿ ಕಾಣುತ್ತದೆ, ಹತ್ತಿರ ಬಂದರೆ ಎಲ್ಲಿ ತುಂಬಿದ್ದಾರೆಂದು ಗೆರೆಗಳೇ ಹೇಳುತ್ತವೆ. ನನ್ನ ಕಸುಬಿನ ಎಲ್ಲರೂ ಒಮ್ಮೆಯಾದರೂ ಆ ಗೆರೆಗಳನ್ನು ಹತ್ತಿರದಿಂದ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ಹೆಡ್‌ಸೆಟ್‌ನೊಳಗೆ ತುಂಡು ಗೆರೆ ಎಂಬುದೇ ಇಲ್ಲ. ಅಲ್ಲಿ ಕಲ್ಲಿನ ಸಾಲಿಗೂ ಹುಲ್ಲಿನ ಸೂರಿಗೂ ಒಂದೇ ಬೆಳಕು, ಒಂದೇ ನೆರಳು, ಒಂದೇ ಗಟ್ಟಿತನ. ಇನ್ನೂ ವಿಚಿತ್ರವೆಂದರೆ, ಊಹಿಸಿದ ಭಾಗವೇ ಸಾಮಾನ್ಯವಾಗಿ ಹೆಚ್ಚು ಚೊಕ್ಕವಾಗಿರುತ್ತದೆ. ಸೆಕೆಂಡಿಗೆ 72ರಿಂದ 90 ಚಿತ್ರಗಳು ತಡವಿಲ್ಲದೆ ಮೂಡದಿದ್ದರೆ ನೋಡುವವರಿಗೆ ತಲೆ ಸುತ್ತುವುದರಿಂದ, ಕೋಟಿಗಟ್ಟಲೆ ತ್ರಿಕೋನಗಳಿರುವ ನಿಜವಾದ ಕಲ್ಲಿನ ದಾಖಲೆಯನ್ನು ಕೆಲವು ಲಕ್ಷಕ್ಕೆ ಇಳಿಸಬೇಕಾಗುತ್ತದೆ. ಆಗ ಮೊದಲು ಮಾಯವಾಗುವುದು ಉಳಿಯ ಗುರುತುಗಳು. ಕಂಪ್ಯೂಟರಿನಲ್ಲೇ ಹುಟ್ಟಿದ ಸೂರಿಗೆ ಹಾಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ.

ಜನರಿಗೆ ರೂಢಿಯಾದ ಚಿತ್ರದ ಒತ್ತಡ ಎಷ್ಟಿರುತ್ತದೆ ಎಂಬುದಕ್ಕೆ ಪ್ಯಾರಿಸ್‌ನ ನೋತ್ರ್ ದಾಮ್ ಇಗರ್ಜಿ ಒಳ್ಳೆಯ ಉದಾಹರಣೆ. ಅದರ ಮಧ್ಯಯುಗದ ಶಿಖರವನ್ನು 18ನೆಯ ಶತಮಾನದ ಕೊನೆಗೆ ಇಳಿಸಿದ್ದರು. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಕುಸಿದದ್ದು 1859ರಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಕಟ್ಟಿಸಿದ ಶಿಖರ. 2014ರಲ್ಲಿ ಬಂದ ಒಂದು ಜನಪ್ರಿಯ ವಿಡಿಯೋ ಗೇಮ್ ಫ್ರೆಂಚ್ ಕ್ರಾಂತಿಯ ಕಾಲದ್ದಾಗಿದ್ದರೂ ಅದರಲ್ಲಿ ಈ 19ನೆಯ ಶತಮಾನದ ಶಿಖರವೇ ನಿಂತಿತ್ತು. ಬೆಂಕಿಯ ನಂತರ ಆ ಗೇಮಿನ ಮಾದರಿಯನ್ನು ನೋಡಿ ಇಗರ್ಜಿಯನ್ನು ಮತ್ತೆ ಕಟ್ಟಬಹುದೆಂಬ ಮಾತು ಎಲ್ಲೆಡೆ ಹರಿದಾಡಿತು. ಅಳತೆಯ ದಾಖಲೆ ಇದ್ದುದು ಬೇರೆಡೆ: ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಇಗರ್ಜಿಯ ಒಳಹೊರಗೆ ಐವತ್ತಕ್ಕೂ ಹೆಚ್ಚು ಕಡೆ ಲೇಸರ್ ಸ್ಕ್ಯಾನರ್ ಇಟ್ಟು, ನೂರು ಕೋಟಿಗೂ ಮೀರಿದ ಬಿಂದುಗಳನ್ನು ಮೊದಲೇ ಸಂಗ್ರಹಿಸಿದ್ದರು.

ಹಾಗೆಂದು ಹೆಡ್‌ಸೆಟ್ ಬರೀ ಮರುಳು ಮಾಡುವ ಸಾಧನವೆಂದು ನಾನು ಹೇಳುವುದಿಲ್ಲ. ನಮ್ಮ ತಂಡದ ಮಾನವಶಾಸ್ತ್ರಜ್ಞೆಯೊಬ್ಬರು, ಕಂಬ ನೆಟ್ಟು ಹುಲ್ಲು ಹೊದಿಸಿ ಮನೆ ಕಟ್ಟಿ ಅನುಭವವಿದ್ದ ಹಿರಿಯ ಬಡಗಿಯೊಬ್ಬರನ್ನು ಒಮ್ಮೆ ಕರೆತಂದರು. ಅವರಿಗೆ ಮಾದರಿಯನ್ನು ಕಂಪ್ಯೂಟರ್ ಪರದೆಯಲ್ಲಿ ತೋರಿಸಿದಾಗ ಸೌಜನ್ಯಕ್ಕೆ ತಲೆಯಾಡಿಸಿದರು. ಹೆಡ್‌ಸೆಟ್ ತೊಡಿಸಿದ ಮೇಲೆ ಅವರ ನಿಲುವೇ ಬದಲಾಯಿತು. ಎರಡು ಹೆಜ್ಜೆ ನಡೆದು, ಕತ್ತು ಮೇಲೆತ್ತಿ, ಕೈ ಚಾಚಿ ಇಲ್ಲದ ತೊಲೆಯನ್ನು ತಡವಿ ಕೇಳಿದರು: “ಮೇಡಂ, ಈ ತೊಲೆ ಯಾವುದರ ಮೇಲೆ ಕೂತಿದೆ?” ನಾನು ಅದನ್ನು ಕಂಬದ ತುದಿಗೆ ಸುಮ್ಮನೆ ತಾಗಿಸಿದ್ದೆ. ಕವೆಯಿರುವ ಕಂಬವಾದರೆ ತೊಲೆ ಕೂರುತ್ತದೆ, ಚಪ್ಪಟೆ ತುದಿಯಾದರೆ ಕಟ್ಟು ಬೇಕು, ಇಷ್ಟು ಕಡಿದಾದ ಸೂರಿಗೆ ನಡುವೆ ಇನ್ನೊಂದು ಆಸರೆ ಇಲ್ಲದಿದ್ದರೆ ಗಾಳಿಗೆ ನಿಲ್ಲುವುದಿಲ್ಲ ಎಂದು ಅವರು ಒಂದೊಂದಾಗಿ ಹೇಳುತ್ತ ಹೋದರು. ಕಿಂಡಿಯನ್ನು ನೋಡಿ ನಕ್ಕರು. “ಮಳೆ ಬಂದರೆ ಒಲೆ ಉರಿಯುತ್ತದೆಯೇ? ಹೊಗೆ ಹುಲ್ಲಿನ ಸಂದಿಯಲ್ಲೇ ಹೋಗುತ್ತದೆ, ಹುಳ ಹಿಡಿಯದಂತೆ ಹುಲ್ಲನ್ನೂ ಕಾಯುತ್ತದೆ.” ಅವರ ಕಾಲದ ಮನೆ ಆ ಕಾಲದ ಮನೆಯಲ್ಲ ಎಂಬ ಎಚ್ಚರ ನಮಗಿರಬೇಕು, ನಿಜ. ಆದರೂ ಮೈಯ ಅಳತೆಯಲ್ಲಿ ಒಳಗೆ ನಿಂತಾಗ ಮಾತ್ರ ಏಳುವ ಇಂಥ ಪ್ರಶ್ನೆಗಳನ್ನು ನಕ್ಷೆಯಾಗಲಿ ಪರದೆಯಾಗಲಿ ಎಬ್ಬಿಸಿದ್ದನ್ನು ನಾನು ಕಂಡಿಲ್ಲ.

ಅದೇ ಸಂಜೆ ಅವರು ಮನೆ ಕಟ್ಟಲು ಶುರುಮಾಡುವ ದಿನದ ಕೆಲವು ಮಾತುಗಳನ್ನೂ ಹೇಳಿದರು. ಹೇಳಿ ಮುಗಿಸಿ, ಇದು ನಿಮಗೆ ತಿಳಿಯಲೆಂದು ಹೇಳಿದ್ದು, ಆ ಕನ್ನಡಕದೊಳಗೆ ಹಾಕಬೇಡಿ ಎಂದರು. ಆಸ್ಟ್ರೇಲಿಯಾದ ವಾರುಮುಂಗು ಸಮುದಾಯದವರ ಜೊತೆ ಕೂಡಿ ರೂಪಿಸಿದ ಮುಕುರ್ತು ಎಂಬ ಸಂಗ್ರಹ ವ್ಯವಸ್ಥೆ, ಯಾವ ಚಿತ್ರ ಅಥವಾ ಧ್ವನಿಯನ್ನು ಯಾರು ನೋಡಬಹುದು, ಕೇಳಬಹುದು ಎಂಬುದನ್ನು ಸಮುದಾಯವೇ ತೀರ್ಮಾನಿಸಲು ಅವಕಾಶ ಕೊಡುತ್ತದೆ. ನಮ್ಮ ಬಳಿ ಅಂಥ ವ್ಯವಸ್ಥೆ ಇರಲಿಲ್ಲ. ಆ ಧ್ವನಿಮುದ್ರಣವನ್ನು ಪ್ರದರ್ಶನದ ಕಡತಗಳಿಂದ ಹೊರಗೆ ತೆಗೆದು ಅವರ ಮಾತನ್ನು ಉಳಿಸಿಕೊಂಡೆವು. ಹಾಗಾಗಿ ನಮ್ಮ ಮಾದರಿಯಲ್ಲಿ ಆ ಜಾಗ ನಿಶ್ಶಬ್ದವಾಗಿಯೇ ಇದೆ.

ಈಗ ನಾನು ಕೆಲಸ ಮಾಡುವ ಕ್ರಮ ಬದಲಾಗಿದೆ. 2009ರ ಲಂಡನ್ ಸನ್ನದು, ಪರಂಪರೆಯ ಇಂಥ ದೃಶ್ಯರೂಪಗಳನ್ನು ಮಾಡುವವರು ತಮ್ಮ ತೀರ್ಮಾನಗಳ ಹಿಂದಿನ ವಿಚಾರವನ್ನೂ ದಾಖಲಿಸಬೇಕೆಂದು ಕೇಳುತ್ತದೆ. ಅದಕ್ಕೆ ಪ್ಯಾರಾಡೇಟಾ ಎಂದು ಹೆಸರು. ಅದನ್ನು ಮೊದಲು ಓದಿದಾಗ ಕಚೇರಿಯ ಇನ್ನೊಂದು ನಮೂನೆ ತುಂಬುವ ಕೆಲಸವೆಂದುಕೊಂಡಿದ್ದೆ. ಈಗ ಮಾದರಿ ಕಟ್ಟುವಾಗಲೇ, ಅದೇ ದಿನ, ಎರಡು ಸಾಲು ಬರೆಯುತ್ತೇನೆ. ತಿಂಗಳು ಕಳೆದ ಮೇಲೆ ಬರೆಯಲು ಕುಳಿತರೆ ಅಂದಿನ ಊಹೆಗೆ ಇಂದಿನ ಕಾರಣವನ್ನು ಹೊಲಿಯುತ್ತೇನೆಂಬುದು ನನಗೆ ಚೆನ್ನಾಗಿ ಗೊತ್ತು. ‘ಎತ್ತರ 2.2 ಮೀಟರ್: ಆಧಾರವಿಲ್ಲ, ನೋಡುವವರ ಅನುಕೂಲಕ್ಕೆ’ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಈ ಟಿಪ್ಪಣಿಗಳನ್ನು ಸಾದಾ ಪಠ್ಯದ ಕಡತದಲ್ಲಿಡುತ್ತೇನೆ, ಒಂದು ಪ್ರತಿ ಕಾಗದದ ಮೇಲೂ ಇರುತ್ತದೆ. ಇಂಗ್ಲೆಂಡಿನ ಭೂಮಿ-ಆಸ್ತಿಗಳ ಗಣತಿಯಾದ 1086ರ ಡೂಮ್ಸ್‌ಡೇ ಪುಸ್ತಕವನ್ನು ಇಂದೂ ಓದಬಹುದು. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಲೇಸರ್ ಡಿಸ್ಕಿನಲ್ಲಿ ಹೊರತಂದ ಯೋಜನೆಯನ್ನು ಓದುವ ಯಂತ್ರಗಳು ಹದಿನೈದು ಇಪ್ಪತ್ತು ವರ್ಷದೊಳಗೆ ಅಪರೂಪವಾಗಿಬಿಟ್ಟಿದ್ದವು.

ಮನೆಯನ್ನೂ ಮತ್ತೆ ಕಟ್ಟಿದೆವು. ಕೈಯಲ್ಲಿರುವ ಕಂಟ್ರೋಲರ್‌ನ ಒಂದು ಗುಂಡಿ ಒತ್ತಿದರೆ ಊಹಿಸಿದ್ದೆಲ್ಲ ತೆಳುವಾಗಿ ಗಾಜಿನಂತಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಪೂರ್ತಿ ಮಾಯವಾಗುತ್ತದೆ. ಇದು ನೋಡುವವರಿಗೆ ನಿರಾಸೆ ಮಾಡುತ್ತದೆಂದು ತಂಡದಲ್ಲೇ ಕೆಲವರು ವಾದಿಸಿದರು, ಮತ್ತು ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಸೂರು ಕಣ್ಣೆದುರೇ ಕರಗಿ ಬರೀ ಆರು ಕುಳಿಗಳು ಉಳಿದಾಗ ಒಬ್ಬ ಹುಡುಗ “ಅಯ್ಯೋ, ಸಿಕ್ಕಿದ್ದು ಇಷ್ಟೇನಾ?” ಎಂದು ಕೂಗಿ, ಆಮೇಲೆ ಎಷ್ಟೋ ಹೊತ್ತು ಗುಂಡಿಯನ್ನು ಒತ್ತುತ್ತಲೇ ಇದ್ದ.

ನಾಲ್ಕನೆಯ ಕುಳಿಯ ಕಲ್ಲಿನ ವಿಷಯದಲ್ಲಿ ಮಾತ್ರ ಬಹಳ ಚರ್ಚೆಯಾಯಿತು. ಅದು ಊಹೆಯಲ್ಲ, ಅಗೆದವರು ಕಣ್ಣಾರೆ ಕಂಡು ಅಳೆದದ್ದು. ಆದರೆ ನನ್ನ ಫೋಟೋಗಳಲ್ಲಿ ಇಲ್ಲ. ಸಿಕ್ಕಿದ್ದರ ಜೊತೆ ಸೇರಿಸಿದರೆ ನನ್ನ ದಾಖಲೆಯ ಬಗ್ಗೆ ಸುಳ್ಳು ಹೇಳಿದಂತೆ, ಊಹೆಯ ಜೊತೆ ಸೇರಿಸಿದರೆ ಅವರ ಪೆನ್ಸಿಲನ್ನು ನಂಬದಂತೆ. ಕೊನೆಗೆ ಅದೊಂದಕ್ಕಾಗಿ ಮೂರನೆಯ ಬಣ್ಣ ಇಟ್ಟು, ಟಿಪ್ಪಣಿ ಪುಸ್ತಕದ ಆ ಪುಟದ ಚಿತ್ರವನ್ನು ಜೋಡಿಸಿದೆವು. ಗುಂಡಿ ಎಷ್ಟು ಸಲ ಒತ್ತಿದರೂ ಆ ಕಲ್ಲು ಅಲ್ಲೇ ಇರುತ್ತದೆ, ಬಾಗಿ ನೋಡಿದವರಿಗೆ ಪೆನ್ಸಿಲಿನ ಗೆರೆಗಳು ಕಾಣುತ್ತವೆ.