ಐವತ್ತರ ನಂತರದ ಈಜು ಮತ್ತು ಪುಡಿ ಡಬ್ಬಿಗಳು

ವಯಸ್ಕರಿಗಾಗಿ ವಯೋಗುಂಪುಗಳಲ್ಲಿ ನಡೆಯುವ ಮಾಸ್ಟರ್ಸ್ ಈಜು ಸ್ಪರ್ಧೆಗಳಿಗೆ ತಯಾರಾಗುವ ನನ್ನ ವಯಸ್ಸಿನವರು ಬಳಸುವ ಪೂರಕಗಳಲ್ಲಿ ಸ್ನಾಯುಗಳಿಗೆ ಶಕ್ತಿ ಒದಗಿಸಲು ನೆರವಾಗುವ ಕ್ರಿಯಾಟಿನ್ ಪುಡಿಯ ಬಗ್ಗೆ ನನಗೆ ಹೆಚ್ಚು ಅಂಜಿಕೆಯಿಲ್ಲ; ದಿನಕ್ಕೆ 3ರಿಂದ 5 ಗ್ರಾಂ ಪ್ರಮಾಣವು ಆರೋಗ್ಯವಂತರಿಗೆ ಸಾಮಾನ್ಯವಾಗಿ ಸುರಕ್ಷಿತ. ಆದರೆ ಅದು ರಕ್ತದಲ್ಲಿ, ಮೂತ್ರಪಿಂಡಗಳು ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟವನ್ನು ತುಸು ಏರಿಸಬಲ್ಲುದರಿಂದ, ಮೂತ್ರಪಿಂಡಗಳು ಸರಿಯಾಗಿದ್ದರೂ ಲ್ಯಾಬ್ ವರದಿಯಲ್ಲಿ ಅವು ಸೋತಂತೆ ಕಾಣಬಹುದು. ಪುಡಿಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು, ಈ ಪುಡಿಯಿಂದ ಏರುಪೇರಾಗದೆ ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆಯನ್ನು ಬರೆದುಕೊಡಬಹುದು. ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಕೆಫೀನ್ ಎಷ್ಟಿದೆಯೆಂದೇ ನಮೂದಿಸದ, ವ್ಯಾಯಾಮಕ್ಕೆ ಮುನ್ನ ಹುರುಪಿಗಾಗಿ ಕುಡಿಯುವ ಪ್ರೀ-ವರ್ಕೌಟ್ ಪುಡಿಗಳು. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು (ನಮ್ಮ ಲೇನಿನಲ್ಲಿ ಅಂಥವರೇ ಹೆಚ್ಚು) 50 ಮೀಟರ್ ಫ್ರೀಸ್ಟೈಲ್‌ಗೆ ಮುನ್ನ ಅದನ್ನು ಕುಡಿಯಲೇಬಾರದೆಂಬುದು ನನ್ನ ಅಭಿಪ್ರಾಯ. ಇಂಥ ಕೆಲವು ಪುಡಿಗಳಲ್ಲಿ, ಸ್ಪರ್ಧೆಯ ವೇಳೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ನಿಷೇಧಿಸಿರುವ ಡಿಎಂಎಎ ಎಂಬ ಉತ್ತೇಜಕ ಪತ್ತೆಯಾದದ್ದೂ ಇದೆ.